ಪ್ರಾಗ್‌ನಲ್ಲಿ ಮೂರು ದಿನ: ಪಟ್ಟಿ ಆಮೇಲೆ, ಮೊದಲು ಗಡಿಯಾರ ನೋಡಿ

ಬೆಳಿಗ್ಗೆ ಆರು ಗಂಟೆಗೆ ಪ್ರಾಗ್‌ನ ಚಾರ್ಲ್ಸ್ ಸೇತುವೆ ಮೇಲೆ ನಿಂತರೆ ಕೆಳಗೆ ನೀರು ಹರಿಯುವ ಸದ್ದು ಕೇಳಿಸುತ್ತದೆ. ಹನ್ನೊಂದಕ್ಕೆ ಅದೇ ಜಾಗಕ್ಕೆ ಬಂದರೆ ಕಾಣುವುದು ಮುಂದಿನವರ ಬೆನ್ನು, ಅವರ ಸೆಲ್ಫಿ ಸ್ಟಿಕ್ಕು. ಸೇತುವೆ ಅದೇ, ಟಿಕೆಟ್ ಎರಡು ಹೊತ್ತಿನಲ್ಲೂ ಇಲ್ಲ. ಈ ಊರಿನ ಮುಖ್ಯ ಜಾಗಗಳೆಲ್ಲ ಹೀಗೇ. ಏನೇನು ನೋಡಬೇಕು ಅನ್ನುವ ಪಟ್ಟಿ ಎಲ್ಲಿ ಬೇಕಾದರೂ ಸಿಗುತ್ತದೆ. ಯಾವುದನ್ನು ಎಷ್ಟು ಹೊತ್ತಿಗೆ ನೋಡಬೇಕು ಅನ್ನುವುದರ ಮೇಲೆ ನಿಮ್ಮ ಮೂರು ದಿನ ಹೇಗೆ ಕಳೆಯುತ್ತವೆ ಅನ್ನುವುದು ನಿಂತಿದೆ. ಆದ್ದರಿಂದ ಈ ಲೇಖನದಲ್ಲಿ ಹೊತ್ತಿನ ಮಾತು ಜಾಸ್ತಿ.

ಯುರೋಪಿನಲ್ಲಿ ಒಂದೇ ಊರು, ಮೂರು ದಿನ ಅಂದರೆ ನಾನು ಪ್ರಾಗ್ ಹೆಸರನ್ನೇ ಹೇಳುತ್ತೇನೆ. ಹಳೆಯ ಭಾಗ ಚಿಕ್ಕದು, ನಡೆದೇ ಮುಗಿಸಬಹುದು. ಎರಡನೇ ಮಹಾಯುದ್ಧದಲ್ಲಿ ಬೇರೆ ದೊಡ್ಡ ಊರುಗಳಷ್ಟು ಏಟು ತಿನ್ನದ ಕಾರಣ ಏಳೆಂಟು ಶತಮಾನದ ಕಟ್ಟಡಗಳು ಅಕ್ಕಪಕ್ಕದಲ್ಲೇ ನಿಂತಿವೆ. ಪ್ಯಾರಿಸ್, ಲಂಡನ್‌ಗೆ ಹೋಲಿಸಿದರೆ ಖರ್ಚೂ ಕಮ್ಮಿ.

ಹಂತ 1: ಹೊರಡುವ ಮುಂಚೆ

ಪ್ರಾಗ್ ಇರುವ ಚೆಕ್ ಗಣರಾಜ್ಯ 2007ರಿಂದ ಷೆಂಗೆನ್ ವಲಯದಲ್ಲಿದೆ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿನಲ್ಲಿದೆ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಷೆಂಗೆನ್ ವೀಸಾ ಬೇಕೇ ಬೇಕು. ದೊಡ್ಡವರಿಗೆ ಶುಲ್ಕ 90 ಯೂರೋ. ಅರ್ಜಿ ತೆಗೆದುಕೊಳ್ಳುವ ಕೇಂದ್ರದ ಸೇವಾ ಶುಲ್ಕ ಇದರ ಮೇಲೆ. ಪ್ರಯಾಣಕ್ಕೆ ಆರು ತಿಂಗಳು ಇರುವಾಗಲೇ ಅರ್ಜಿ ಹಾಕಬಹುದು. ಬೇಸಿಗೆ ರಜೆಗೆ ಹೋಗುವುದಾದರೆ ಅಪಾಯಿಂಟ್‌ಮೆಂಟ್ ಸಿಗುವುದೇ ದೊಡ್ಡ ಕೆಲಸ, ಬೇಗ ಶುರು ಮಾಡಿ. ಪ್ರವಾಸ ವಿಮೆ ಕನಿಷ್ಠ 30,000 ಯೂರೋ ಮೊತ್ತಕ್ಕೆ ಇರಬೇಕು. ಪ್ರಾಗ್ ಜತೆಗೆ ವಿಯೆನ್ನಾವನ್ನೂ ಸೇರಿಸಿಕೊಂಡರೆ, ಯಾವ ದೇಶದಲ್ಲಿ ಜಾಸ್ತಿ ರಾತ್ರಿ ಉಳಿಯುತ್ತೀರೋ ಆ ದೇಶದ ವೀಸಾಕ್ಕೇ ಅರ್ಜಿ ಹಾಕಬೇಕು.

ಬೆಂಗಳೂರಿನಿಂದ ಪ್ರಾಗ್‌ಗೆ ನೇರ ವಿಮಾನ ಇಲ್ಲ. ದುಬೈ, ದೋಹಾ ಕಡೆಯಿಂದಲೋ, ಫ್ರಾಂಕ್‌ಫರ್ಟ್, ಮ್ಯೂನಿಕ್ ಕಡೆಯಿಂದಲೋ ಹೋಗಬೇಕು. ಜರ್ಮನಿ ಮೂಲಕ ಹೋದರೆ ಪಾಸ್‌ಪೋರ್ಟ್ ತಪಾಸಣೆ, ಬೆರಳಚ್ಚು, ಫೋಟೊ ಎಲ್ಲ ಅಲ್ಲೇ ಆಗುತ್ತದೆ. ಷೆಂಗೆನ್ ಒಳಗೆ ಮೊದಲು ಕಾಲಿಡುವ ಜಾಗದಲ್ಲೇ ಈ ಕೆಲಸ. ಹಾಗಾಗಿ ಎರಡು ವಿಮಾನಗಳ ನಡುವೆ ಒಂದು ಗಂಟೆ ಮಾತ್ರ ಇರುವ ಟಿಕೆಟ್ ಅಗ್ಗ ಎಂದು ಕೊಳ್ಳಬೇಡಿ.

ಯಾವ ತಿಂಗಳು? ಏಪ್ರಿಲ್ ಕೊನೆಯಿಂದ ಜೂನ್ ಮೊದಲ ವಾರ, ಇಲ್ಲವೇ ಸೆಪ್ಟೆಂಬರ್. ಜುಲೈ, ಆಗಸ್ಟ್‌ನಲ್ಲಿ ಜನ ಜನ. ಡಿಸೆಂಬರ್‌ನಲ್ಲಿ ಹಳೆ ಊರಿನ ಚೌಕದಲ್ಲಿ ಕ್ರಿಸ್‌ಮಸ್ ಸಂತೆ ನಡೆಯುತ್ತದೆ, ಚೆಂದ ಇರುತ್ತದೆ. ಆದರೆ ಮಧ್ಯಾಹ್ನ ನಾಲ್ಕಕ್ಕೇ ಕತ್ತಲು. ಜೂನ್‌ನಲ್ಲಾದರೆ ರಾತ್ರಿ ಒಂಬತ್ತು ದಾಟಿದರೂ ಬೆಳಕು. ದಿನವೊಂದಕ್ಕೆ ಏಳೆಂಟು ಗಂಟೆ ಬೆಳಕಿನ ವ್ಯತ್ಯಾಸ ಅಂದರೆ ಮೂರು ದಿನದ ಪ್ರವಾಸದಲ್ಲಿ ಸಣ್ಣ ವಿಷಯವಲ್ಲ.

ಚೀಲಕ್ಕೆ ಏನು ಹಾಕಬೇಕು ಅನ್ನುವುದಕ್ಕಿಂತ ಏನು ಹಾಕಬಾರದು ಅನ್ನುವುದನ್ನು ಮೊದಲು ಹೇಳುತ್ತೇನೆ. ಯುರೋಪಿಯನ್ ಒಕ್ಕೂಟದ ಹೊರಗಿನಿಂದ ಬರುವವರು ಮಾಂಸ ಮತ್ತು ಹಾಲಿನ ಪದಾರ್ಥ ತರುವಂತಿಲ್ಲ. ಅಂದರೆ ಅಮ್ಮ ಕಟ್ಟಿಕೊಟ್ಟ ತುಪ್ಪದ ಡಬ್ಬಿ, ಧಾರವಾಡ ಪೇಡ ಎರಡೂ ಮನೆಯಲ್ಲೇ ಇರಲಿ. ಚಟ್ನಿಪುಡಿ, ಅವಲಕ್ಕಿ, ಉಪ್ಪಿಟ್ಟಿನ ಮಿಕ್ಸ್‌ಗೆ ತೊಂದರೆ ಇಲ್ಲ. ಬಿಸಿನೀರು ಹಾಕಿದರೆ ಆಗುವ ಪೊಟ್ಟಣಗಳು ಮೊದಲ ರಾತ್ರಿಗೆ ಬಹಳ ಉಪಕಾರ. ನಮ್ಮ ದಪ್ಪ ಮೂರು ಪಿನ್ನಿನ ಪ್ಲಗ್ ಅಲ್ಲಿ ಕೂರುವುದಿಲ್ಲ, ಅಡಾಪ್ಟರ್ ಒಂದು ಬೇಕು. ಊರೆಲ್ಲ ಕಲ್ಲು ಹಾಸಿದ ಬೀದಿ, ಅದರಲ್ಲೂ ಮಳೆ ಬಂದರೆ ಜಾರುತ್ತದೆ. ಹೊಸ ಶೂ ತೊಡುವ ಪ್ರಯೋಗ ಅಲ್ಲಿ ಮಾಡಬೇಡಿ, ಪಳಗಿದ ಶೂ ಹಾಕಿಕೊಂಡು ಹೋಗಿ.

ಹಂತ 2: ರೂಮು 22ನೇ ಟ್ರಾಮ್‌ನ ದಾರಿಯಲ್ಲಿ ಹಿಡಿಯಿರಿ

ಎಲ್ಲರೂ ಹಳೆ ಊರಿನ ಚೌಕದ ಪಕ್ಕದಲ್ಲೇ ರೂಮು ಹುಡುಕುತ್ತಾರೆ. ಬೇಡ. ಬಾಡಿಗೆ ಜಾಸ್ತಿ, ರಾತ್ರಿ ಕುಡಿದವರ ಗಲಾಟೆ ಇನ್ನೂ ಜಾಸ್ತಿ. ಟ್ಯಾಕ್ಸಿ ಬಾಗಿಲ ತನಕ ಬರದ ಗಲ್ಲಿಗಳಲ್ಲಿ ಸೂಟ್‌ಕೇಸ್ ಚಕ್ರ ಕಲ್ಲಿನ ಮೇಲೆ ಕಟಕಟ ಎನ್ನುತ್ತಾ ಒಂದೊಂದೇ ಮುರಿಯುತ್ತದೆ.

ನನ್ನ ಸಲಹೆ ವಿನೊಹ್ರಾಡಿ ಬಡಾವಣೆ. ಅದರಲ್ಲೂ ನಾಮ್ಯೆಸ್ತಿ ಮೀರು ಚೌಕದ ಸುತ್ತಮುತ್ತ. ಮೆಟ್ರೊದ ಹಸಿರು ಲೈನ್ ಇಲ್ಲಿದೆ, ಕೋಟೆಗೆ ಹೋಗುವ 22ನೇ ನಂಬರ್ ಟ್ರಾಮ್ ಕೂಡ ಇದೇ ಚೌಕದ ಮೂಲಕ ಹಾದುಹೋಗುತ್ತದೆ. ಮರಗಳ ಸಾಲು, ಸ್ಥಳೀಯರು ಕೂರುವ ಕೆಫೆಗಳು, ಹತ್ತಿರದಲ್ಲೇ ಸೂಪರ್‌ಮಾರ್ಕೆಟ್. ಈ ಮೆಟ್ರೊ ನಿಲ್ದಾಣ ತುಂಬ ಆಳದಲ್ಲಿದೆ. ಅದರ ಎಸ್ಕಲೇಟರ್ 87 ಮೀಟರ್ ಉದ್ದ. ಇಳಿಯುವಾಗ ಮೊದಲ ಸಲ ಸ್ವಲ್ಪ ತಲೆ ತಿರುಗಿದಂತಾಗುತ್ತದೆ. ಬಲಕ್ಕೆ ನಿಂತುಕೊಳ್ಳಿ, ಅವಸರದವರು ಎಡಕ್ಕೆ ಹೋಗುತ್ತಾರೆ. ಕಾರ್ಲೀನ್, ಹೊಲೆಶೊವಿತ್ಸೆ ಕೂಡ ಒಳ್ಳೆಯ ಬಡಾವಣೆಗಳೇ.

ಸಸ್ಯಾಹಾರಿಗಳು, ಮಕ್ಕಳೊಂದಿಗೆ ಹೋಗುವವರು ಪುಟ್ಟ ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ತೆಗೆದುಕೊಂಡರೆ ನೆಮ್ಮದಿ. ಬುಕ್ ಮಾಡುವ ಮುಂಚೆ ಲಿಫ್ಟ್ ಇದೆಯಾ ನೋಡಿ. ನೂರು ವರ್ಷದ ಕಟ್ಟಡಗಳಲ್ಲಿ ನಾಲ್ಕು ಮಹಡಿ ಮೆಟ್ಟಿಲು ಮಾಮೂಲಿ.

ಹಂತ 3: ಇಳಿದ ಮೊದಲ ಎರಡು ಗಂಟೆ

ಏರ್‌ಪೋರ್ಟ್ ಹೊರಗೆ 59ನೇ ನಂಬರ್ ಟ್ರಾಲಿಬಸ್ ಸಿಗುತ್ತದೆ. ಎರಡು ಕಡೆ ಬಾಗುವ, ಬಲು ಉದ್ದದ ಬಸ್ಸು. ಅದು ನಾಡ್ರಾಜಿ ವೆಲೆಸ್ಲಾವೀನ್ ಮೆಟ್ರೊ ನಿಲ್ದಾಣಕ್ಕೆ ಬಿಡುತ್ತದೆ. ಅಲ್ಲಿಂದ ಹಸಿರು ಲೈನ್ ಹಿಡಿದರೆ ಮಧ್ಯೆ ಎಲ್ಲೂ ಬದಲಿಸದೆ ನಾಮ್ಯೆಸ್ತಿ ಮೀರು. ಒಂದೇ ಟಿಕೆಟ್ ಬಸ್ಸು, ಟ್ರಾಮ್, ಮೆಟ್ರೊ ಮೂರಕ್ಕೂ ನಡೆಯುತ್ತದೆ. 30 ನಿಮಿಷ, 90 ನಿಮಿಷ, 24 ಗಂಟೆ, 72 ಗಂಟೆ ಹೀಗೆ ಟಿಕೆಟ್‌ಗಳಿವೆ. ಮೂರು ದಿನಕ್ಕೆ 72 ಗಂಟೆಯದನ್ನೇ ತೆಗೆದುಕೊಂಡು ಲೆಕ್ಕ ಮರೆತುಬಿಡಿ.

ಒಂದು ಮಾತು ಮಾತ್ರ ಮರೆಯಬೇಡಿ. ಕಾಗದದ ಟಿಕೆಟ್ ಕೊಂಡರೆ ಸಾಲದು. ಮೊದಲ ಸಲ ಹತ್ತುವಾಗ ಹಳದಿ ಬಣ್ಣದ ಪುಟ್ಟ ಯಂತ್ರಕ್ಕೆ ತೂರಿಸಿ ಸಮಯದ ಮುದ್ರೆ ಹಾಕಿಸಬೇಕು. ಬಸ್ಸು, ಟ್ರಾಮ್‌ನಲ್ಲಿ ಈ ಯಂತ್ರ ಬಾಗಿಲ ಪಕ್ಕ ಇರುತ್ತದೆ, ಮೆಟ್ರೊದಲ್ಲಿ ಎಸ್ಕಲೇಟರ್ ಶುರುವಾಗುವ ಮುಂಚೆ. ಮೆಟ್ರೊಗೆ ಗೇಟ್ ಇಲ್ಲ, ಯಾರೂ ತಡೆಯುವುದಿಲ್ಲ. ಆದರೆ ಮಾಮೂಲಿ ಬಟ್ಟೆಯಲ್ಲಿರುವ ತಪಾಸಕರು ಬಿಲ್ಲೆ ತೋರಿಸಿ ಟಿಕೆಟ್ ಕೇಳುತ್ತಾರೆ. ಮುದ್ರೆ ಇಲ್ಲದ ಟಿಕೆಟ್ ಅವರ ಲೆಕ್ಕದಲ್ಲಿ ಟಿಕೆಟ್ಟೇ ಅಲ್ಲ. ಗೊತ್ತಿರಲಿಲ್ಲ ಅಂದರೂ ದಂಡ ದಂಡವೇ.

ಇನ್ನು ದುಡ್ಡು. ಇಲ್ಲಿ ಯೂರೋ ಅಲ್ಲ, ಕೊರುನಾ. ಒಂದು ಕೊರುನಾ ಅಂದಾಜು ನಾಲ್ಕು ರೂಪಾಯಿ ಅಂದುಕೊಳ್ಳಿ. ಕಾರ್ಡ್ ಬಹುತೇಕ ಎಲ್ಲ ಕಡೆ ನಡೆಯುತ್ತದೆ, ಟ್ರಾಮ್ ಒಳಗೂ ಕಾರ್ಡ್ ಮುಟ್ಟಿಸಿ ಟಿಕೆಟ್ ಕೊಳ್ಳುವ ಯಂತ್ರವಿದೆ. ನಗದು ಬೇಕಾಗುವುದು ಶೌಚಾಲಯಕ್ಕೆ, ಸಣ್ಣಪುಟ್ಟ ಅಂಗಡಿಗೆ. ಹತ್ತು, ಇಪ್ಪತ್ತರ ನಾಣ್ಯ ಸದಾ ಜೇಬಿನಲ್ಲಿರಲಿ.

ಎಟಿಎಂನಲ್ಲಾಗಲಿ ಅಂಗಡಿಯಲ್ಲಾಗಲಿ ಯಂತ್ರ ನಿಮ್ಮ ದೇಶದ ಹಣದಲ್ಲಿ ಕತ್ತರಿಸಲೇ ಎಂದು ಕೇಳಿದರೆ ಬೇಡ ಎನ್ನಿ. ಕೊರುನಾದಲ್ಲೇ ಕತ್ತರಿಸಲಿ. ರೂಪಾಯಿ ಆರಿಸಿದರೆ ಅವರು ಹಾಕುವ ದರ ಯಾವಾಗಲೂ ನಿಮಗೆ ನಷ್ಟ. ಪ್ರವಾಸಿಗರ ಬೀದಿಗಳಲ್ಲಿ ಹಣ ಬದಲಿಸುವ ಕೌಂಟರ್‌ಗಳು ಸಾಲಾಗಿವೆ. ಕಮಿಷನ್ ಸೊನ್ನೆ ಎಂದು ದೊಡ್ಡದಾಗಿ ಬರೆದಿರುತ್ತಾರೆ, ನಿಜ. ದರದಲ್ಲೇ ಕಮಿಷನ್ ಅಡಗಿರುತ್ತದೆ. ಈ ಹಾವಳಿ ಎಷ್ಟಿತ್ತೆಂದರೆ 2019ರಲ್ಲಿ ಸರ್ಕಾರವೇ ಕಾನೂನು ತಂದಿತು. 1000 ಯೂರೋವರೆಗಿನ ವ್ಯವಹಾರವನ್ನು ಮೂರು ಗಂಟೆಯೊಳಗೆ ಅದೇ ಕೌಂಟರ್‌ಗೆ ಹೋಗಿ ರದ್ದು ಮಾಡಿಸಬಹುದು, ರಸೀದಿ ಇರಬೇಕು. ಬೀದಿಯಲ್ಲಿ ನಿಂತು ಒಳ್ಳೆ ದರ ಕೊಡುತ್ತೇನೆ ಅನ್ನುವವರ ಕಡೆ ತಿರುಗಿಯೂ ನೋಡಬೇಡಿ.

ಟ್ರಾಮ್ ಬಗ್ಗೆ ಎಚ್ಚರ. ಇಲ್ಲಿ ಕಾರುಗಳು ಜೀಬ್ರಾ ಪಟ್ಟೆಯಲ್ಲಿ ನಿಂತು ದಾರಿ ಬಿಡುತ್ತವೆ, ಟ್ರಾಮ್ ಬಿಡಬೇಕಿಲ್ಲ. ನಿಯಮವೇ ಹಾಗಿದೆ. ಗಂಟೆ ಬಾರಿಸಿದರೆ ಹಿಂದೆ ಸರಿಯಿರಿ.

ಹಂತ 4: ಮೊದಲ ದಿನ, ಸೇತುವೆಯಿಂದ ಶುರು

ನಮಗೂ ಪ್ರಾಗ್‌ಗೂ ಬೇಸಿಗೆಯಲ್ಲಿ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ವ್ಯತ್ಯಾಸ. ಮೊದಲ ದಿನ ಬೆಳಗಿನ ನಾಲ್ಕಕ್ಕೆ ತಾನಾಗಿಯೇ ಎಚ್ಚರ ಆಗುತ್ತದೆ. ಹೊರಳಾಡಬೇಡಿ, ಎದ್ದು ಹೊರಡಿ. ಅಮೆರಿಕದಿಂದ ಬಂದವರಿಗೆ ಇಲ್ಲದ ಅನುಕೂಲ ಇದು. ಮೇ, ಜೂನ್‌ನಲ್ಲಿ ಐದರ ಸುಮಾರಿಗೆ ಸೂರ್ಯ ಹುಟ್ಟುತ್ತಾನೆ. ಡಿಸೆಂಬರ್‌ನಲ್ಲಾದರೆ ಎಂಟು ಗಂಟೆಗೆ, ಆಗಂತೂ ನಿದ್ದೆಯೂ ಕೆಡುವುದಿಲ್ಲ.

ಚಾರ್ಲ್ಸ್ ಸೇತುವೆಯ ಕೆಲಸ ಶುರುವಾದದ್ದು 1357ರಲ್ಲಿ, ನಾಲ್ಕನೇ ಚಾರ್ಲ್ಸ್ ದೊರೆಯ ಕಾಲದಲ್ಲಿ. ಉದ್ದ 516 ಮೀಟರ್. ಎರಡೂ ಬದಿ ಸೇರಿ 30 ವಿಗ್ರಹಗಳು. ಇವುಗಳಲ್ಲಿ ಹಲವು ಈಗ ನಕಲು, ಮೂಲ ವಿಗ್ರಹಗಳನ್ನು ಮಳೆ, ಹೊಗೆಯಿಂದ ಕಾಪಾಡಲು ಮ್ಯೂಸಿಯಂಗೆ ಸಾಗಿಸಿದ್ದಾರೆ. ಹಳೆ ಊರಿನ ಕಡೆಯಿಂದ ಕೋಟೆಯ ಕಡೆಗೆ ನಡೆಯಿರಿ. ಬಲಗಡೆ ಎಂಟನೆಯದು ನೆಪೊಮುಕ್‌ನ ಸಂತ ಜಾನ್. ತಲೆಯ ಸುತ್ತ ಐದು ನಕ್ಷತ್ರ ಇರುವುದರಿಂದ ಗುರುತು ಸುಲಭ. 1393ರಲ್ಲಿ ಆಗಿನ ದೊರೆಯ ಅಪ್ಪಣೆಯಂತೆ ಇವನನ್ನು ಇದೇ ನದಿಗೆ ಎಸೆದರು. ವಿಗ್ರಹದ ಬುಡದ ಕಂಚಿನ ಫಲಕ ಪೂರ್ತಿ ಕಪ್ಪಾಗಿದೆ, ಜನ ಮುಟ್ಟುವ ಜಾಗ ಮಾತ್ರ ಚಿನ್ನದಂತೆ ಹೊಳೆಯುತ್ತದೆ. ಮುಟ್ಟಿದರೆ ಮತ್ತೆ ಪ್ರಾಗ್‌ಗೆ ಬರುತ್ತೀರಿ ಅನ್ನುತ್ತಾರೆ. ಇನ್ನೊಂದು ಫಲಕದಲ್ಲಿ ನಾಯಿಯೊಂದಿದೆ, ಅದರ ಮೈಯೂ ಫಳಫಳ. ಪಾಪ, ಅದಕ್ಕೂ ಸಂತನಿಗೂ ಏನು ಸಂಬಂಧ ಎಂದು ಮುಟ್ಟುವವರಲ್ಲಿ ಎಷ್ಟು ಮಂದಿಗೆ ಗೊತ್ತೋ.

ಸೇತುವೆ ದಾಟಿದರೆ ಕೋಟೆಯ ಕೆಳಗಿನ ಬಡಾವಣೆ ಮಲಾ ಸ್ಟ್ರಾನಾ. ಪಕ್ಕದಲ್ಲೇ ಕಾಂಪಾ ದ್ವೀಪ. ಅಲ್ಲಿನ ಹಳೆ ನೀರಿನ ಗಿರಣಿ ಚಕ್ರ ನೋಡಿ, ತಿಂಡಿ ಮುಗಿಸಿ, ಟ್ರಾಮ್ ಹತ್ತಿ ಹಳೆ ಊರಿಗೆ ವಾಪಸ್ ಬನ್ನಿ. ಎಂಟೂವರೆ ಒಂಬತ್ತಕ್ಕೆ ಚೌಕ ತಲುಪಿದರೆ ಸರಿ. ಅಲ್ಲಿನ ಓರ್ಲೊಯ್ ಅನ್ನುವ ಖಗೋಳ ಗಡಿಯಾರದ ಗೊಂಬೆ ಆಟ ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಹನ್ನೊಂದರವರೆಗೆ ಗಂಟೆಗೊಮ್ಮೆ ನಡೆಯುತ್ತದೆ. ಒಂಬತ್ತರದ್ದನ್ನೇ ನೋಡಿ.

ಈ ಗಡಿಯಾರ 1410ರದ್ದು. ಇಂದಿಗೂ ನಡೆಯುತ್ತಿರುವ ಖಗೋಳ ಗಡಿಯಾರಗಳಲ್ಲಿ ಇದಕ್ಕಿಂತ ಹಳೆಯದು ಇಲ್ಲ. ಗಂಟೆ ಆದ ಕೂಡಲೇ ಬಲಗಡೆಯ ಅಸ್ಥಿಪಂಜರ ಹಗ್ಗ ಎಳೆದು ಗಂಟೆ ಬಾರಿಸುತ್ತದೆ. ಮೇಲಿನ ಎರಡು ಕಿಟಕಿ ತೆರೆದು ಯೇಸುವಿನ ಹನ್ನೆರಡು ಶಿಷ್ಯರು ಒಬ್ಬೊಬ್ಬರಾಗಿ ಹಾದುಹೋಗುತ್ತಾರೆ. ಕೊನೆಗೆ ಕೋಳಿ ಕೂಗುತ್ತದೆ. ಅಷ್ಟೇ, ಒಂದು ನಿಮಿಷದ ಒಳಗೆ ಎಲ್ಲ ಮುಗಿಯುತ್ತದೆ. ಇಷ್ಟಕ್ಕಾ ಇಷ್ಟು ಜನ ಅನ್ನಿಸುವುದು ಸಹಜ. ಗೊಂಬೆಗಳಿಗಿಂತ ಕೆಳಗಿನ ಮುಖಬಿಲ್ಲೆ ನೋಡುವಂಥದ್ದು. ಜನ ಚದುರಿದ ಮೇಲೆ ಐದು ನಿಮಿಷ ಅಲ್ಲೇ ನಿಲ್ಲಿ.

ಸೂರ್ಯನ ಚಿಹ್ನೆ ಇರುವ ಒಂದು ಮುಳ್ಳಿದೆ, ಚಂದ್ರನದ್ದು ಇನ್ನೊಂದು. ಚಂದ್ರನ ಗೋಲಕ್ಕೆ ಅರ್ಧ ಬೆಳ್ಳಿ, ಅರ್ಧ ಕಪ್ಪು. ಅದು ತಾನೇ ತಿರುಗಿಕೊಂಡು ಅಂದಿನ ಚಂದ್ರ ಎಷ್ಟು ತುಂಬಿದ್ದಾನೆ ಎಂದು ತೋರಿಸುತ್ತದೆ. ಒಳಗಡೆ ಸರಿಯುವ ಪುಟ್ಟ ಉಂಗುರದಲ್ಲಿ ಹನ್ನೆರಡು ರಾಶಿಗಳು. ಸೂರ್ಯ ಈಗ ಯಾವ ರಾಶಿಯಲ್ಲಿದ್ದಾನೆ ಅನ್ನುವುದು ಗೋಡೆಯ ಮೇಲೇ ಕಾಣುತ್ತದೆ. ಪಂಚಾಂಗವನ್ನೇ ಚಕ್ರಕ್ಕೆ ಕಟ್ಟಿ ತಿರುಗಲು ಬಿಟ್ಟ ಹಾಗೆ. ಆದರೆ ನಿಮ್ಮ ಮನೆಯ ಪಂಚಾಂಗದ ಜತೆ ತಾಳೆ ನೋಡಬೇಡಿ. ಅಲ್ಲಿಯದು ಋತುಗಳನ್ನು ಹಿಡಿದು ನಡೆಯುವ ಸಾಯನ ಲೆಕ್ಕ, ನಮ್ಮದು ನಕ್ಷತ್ರಗಳನ್ನು ಹಿಡಿದು ನಡೆಯುವ ನಿರಯನ. ನಮಗೆ ಜನವರಿ 14ರ ಸುಮಾರಿಗೆ ಬರುವ ಮಕರ ಸಂಕ್ರಮಣ ಈ ಗಡಿಯಾರದಲ್ಲಿ ಡಿಸೆಂಬರ್‌ನಲ್ಲೇ ಆಗಿಹೋಗಿರುತ್ತದೆ. ಇನ್ನು ಹೊರಗಿನ ಉಂಗುರದ ಲೆಕ್ಕವೇ ಬೇರೆ. ಅಲ್ಲಿ ದಿನ ಶುರುವಾಗುವುದು ಸೂರ್ಯಾಸ್ತದಿಂದ. ಹಾಗಾಗಿ ಸೂರ್ಯಾಸ್ತ ಹಿಂದೆ ಮುಂದೆ ಆದಂತೆ ಆ ಉಂಗುರವೂ ವರ್ಷವಿಡೀ ಹಿಂದೆ ಮುಂದೆ ಸರಿಯುತ್ತದೆ. ಇದನ್ನು ಆರು ನೂರು ವರ್ಷದ ಹಿಂದೆ ಹಲ್ಲುಚಕ್ರಗಳಲ್ಲಿ ಮಾಡಿದ್ದಾರೆ.

ಆಟ ನೋಡುವಾಗ ಎಲ್ಲರ ತಲೆ ಮೇಲೆ, ಕೈ ಫೋನ್ ಮೇಲೆ. ಜೇಬುಗಳ್ಳರಿಗೆ ಇದಕ್ಕಿಂತ ಒಳ್ಳೆ ಹೊತ್ತು ಬೇಡ. ಪರ್ಸ್ ಮುಂದಿನ ಜೇಬಿನಲ್ಲಿರಲಿ. ಗಡಿಯಾರದ ಗೋಪುರಕ್ಕೆ ಲಿಫ್ಟ್ ಇದೆ, ವಯಸ್ಸಾದವರೂ ಹತ್ತಬಹುದು. ಇಳಿದ ಮೇಲೆ ಗೋಪುರದ ಪಕ್ಕದ ನೆಲ ನೋಡಿ. ಕಲ್ಲಿನಲ್ಲಿ ಕೂರಿಸಿದ 27 ಬಿಳಿ ಶಿಲುಬೆಗಳಿವೆ. 1621ರಲ್ಲಿ ಆಗ ಇಲ್ಲಿ ಆಳುತ್ತಿದ್ದ ಹ್ಯಾಬ್ಸ್‌ಬರ್ಗ್ ರಾಜವಂಶದ ವಿರುದ್ಧ ದಂಗೆಯೆದ್ದ 27 ಮಂದಿಯನ್ನು ಇಲ್ಲೇ ಕೊಂದರು. ಬಹಳ ಜನ ಗೊತ್ತಿಲ್ಲದೆ ಅದರ ಮೇಲೇ ನಿಂತು ಗಡಿಯಾರದ ಫೋಟೊ ತೆಗೆಯುತ್ತಾರೆ.

ಹತ್ತು ಗಂಟೆಗೆಲ್ಲ ಅಲ್ಲಿಂದ ಹೊರಟು ಯೋಸೆಫೊವ್‌ಗೆ ಬನ್ನಿ. ಇದು ಹಳೆಯ ಯಹೂದಿ ಕೇರಿ, ಚೌಕದಿಂದ ಐದೇ ನಿಮಿಷ. ಶನಿವಾರ ಮತ್ತು ಯಹೂದಿ ಹಬ್ಬಗಳಲ್ಲಿ ಮುಚ್ಚಿರುತ್ತದೆ. ಮೊದಲ ದಿನ ಶನಿವಾರವೇ ಬಂದರೆ ಇದನ್ನು ಬೇರೆ ದಿನಕ್ಕೆ ಹಾಕಿಕೊಳ್ಳಿ. ಹಳೆ ಸ್ಮಶಾನದಲ್ಲಿ ಸುಮಾರು 12,000 ಕಲ್ಲುಗಳು ಒಂದಕ್ಕೊಂದು ಒರಗಿಕೊಂಡು ನಿಂತಿವೆ. ಜಾಗ ಸಾಲದೆ ಮಣ್ಣು ಹಾಕಿ ಹಾಕಿ ಪದರದ ಮೇಲೆ ಪದರ ಹೂಳಿದ್ದಾರೆ, ಕೆಲವು ಕಡೆ ಹನ್ನೆರಡು ಪದರ. ಪಕ್ಕದ ಪಿಂಕಾಸ್ ಪ್ರಾರ್ಥನಾ ಮಂದಿರದ ಗೋಡೆಗಳಲ್ಲಿ ನಾಜಿಗಳಿಂದ ಸತ್ತ ಚೆಕ್ ನಾಡಿನ ಭಾಗಗಳಾದ ಬೊಹೀಮಿಯಾ, ಮೊರಾವಿಯಾದ ಸುಮಾರು 80,000 ಯಹೂದಿಗಳ ಹೆಸರು ಕೈಯಲ್ಲಿ ಬರೆದಿದೆ. ಹತ್ತಿರ ಹೋಗುವ ತನಕ ಅದು ಅಕ್ಷರ ಎಂದೇ ತಿಳಿಯುವುದಿಲ್ಲ, ಗೋಡೆಯ ಬಣ್ಣದಂತೆ ಕಾಣುತ್ತದೆ. ಮಹಡಿಯಲ್ಲಿ ನಾಜಿಗಳ ಟೆರೆಜಿನ್ ಬಂದಿ ಶಿಬಿರದಲ್ಲಿದ್ದ ಮಕ್ಕಳು ಬರೆದ ಚಿತ್ರಗಳಿವೆ. ಇಲ್ಲಿಗೆ ಬಂದವರು ಬೇಗ ಹೊರಡುವುದಿಲ್ಲ. ಮಧ್ಯಾಹ್ನದವರೆಗಿನ ಹೊತ್ತು ಇಲ್ಲಿಗೇ ಬಿಡಿ, ಇದರ ಬೆನ್ನಿಗೇ ಇನ್ನೊಂದು ಮ್ಯೂಸಿಯಂ ಇಟ್ಟುಕೊಳ್ಳಬೇಡಿ.

ಊಟದ ನಂತರ ರೂಮಿಗೆ ಹೋಗಿ ಒಂದು ನಿದ್ದೆ. ಮಧ್ಯಾಹ್ನ ಎರಡರಿಂದ ಐದರವರೆಗೆ ಊರಿನಲ್ಲಿ ಅತಿ ಹೆಚ್ಚು ಜನ, ಆಗ ಮಲಗಿದರೆ ಏನೂ ಕಳೆದುಕೊಳ್ಳುವುದಿಲ್ಲ. ಸಂಜೆ ವೆನ್ಸೆಸ್ಲಾಸ್ ಚೌಕಕ್ಕೆ ಬನ್ನಿ. ಹೆಸರಿಗೆ ಚೌಕ, ನೋಡಲು ಅಗಲವಾದ ರಸ್ತೆ. 1989ರ ನವೆಂಬರ್‌ನಲ್ಲಿ ಕಮ್ಯುನಿಸ್ಟ್ ಆಡಳಿತ ಬೀಳಿಸಿದ ಜನ ಸೇರಿದ್ದು ಇಲ್ಲೇ. ಮೇಲ್ತುದಿಯ ರಾಷ್ಟ್ರೀಯ ಮ್ಯೂಸಿಯಂ ಎದುರು ನೆಲದಿಂದ ಉಬ್ಬಿ ಬಂದಂತೆ ಕಂಚಿನ ಶಿಲುಬೆಯೊಂದಿದೆ. ಸೋವಿಯತ್ ಆಕ್ರಮಣವನ್ನು ಪ್ರತಿಭಟಿಸಿ 1969ರ ಜನವರಿಯಲ್ಲಿ ಬೆಂಕಿ ಹಚ್ಚಿಕೊಂಡ ವಿದ್ಯಾರ್ಥಿ ಯಾನ್ ಪಾಲಾಖ್ ನೆನಪಿಗೆ ಇಟ್ಟದ್ದು.

ಹಂತ 5: ಎರಡನೇ ದಿನ, ಕೋಟೆ ಮೇಲಿಂದ ಕೆಳಕ್ಕೆ

ಕೋಟೆ ಗುಡ್ಡದ ಮೇಲಿದೆ. ಬಹಳ ಜನ ಸೇತುವೆ ಕಡೆಯಿಂದ ಏದುಸಿರು ಬಿಡುತ್ತಾ ಹತ್ತುತ್ತಾರೆ. ಹತ್ತುವ ಕೆಲಸ ಟ್ರಾಮ್‌ಗೆ ಬಿಡಿ. 22ರಲ್ಲಿ ಕೂತು ಕೋಟೆಯ ನಿಲ್ದಾಣವನ್ನೂ ದಾಟಿ ಪೊಹೊರ್ಜೆಲೆಟ್ಸ್‌ನಲ್ಲಿ ಇಳಿಯಿರಿ. ಅಲ್ಲಿಂದ ಮುಂದೆ ದಿನವಿಡೀ ಇಳಿಜಾರೇ.

ಇಳಿದ ಕೂಡಲೇ ಸ್ಟ್ರಾಹೊವ್ ಮಠ. 1143ರಲ್ಲಿ ಶುರುವಾದದ್ದು. ಇದರ ಗ್ರಂಥಾಲಯದ ಎರಡು ಸಭಾಂಗಣಗಳ ಚಾವಣಿ ತುಂಬ ಚಿತ್ರ. ಒಳಗೆ ಬಿಡುವುದಿಲ್ಲ, ಬಾಗಿಲಲ್ಲಿ ನಿಂತು ನೋಡಬೇಕು. ಅದಕ್ಕೆ ಟಿಕೆಟ್ ಕೊಡಬೇಕಾ ಅನ್ನುವುದು ನಿಮಗೆ ಬಿಟ್ಟದ್ದು. ಪುಸ್ತಕದ ಹುಚ್ಚಿದ್ದರೆ ಕೊಡಿ. ಮಠದ ಹಿಂದಿನ ಕಟ್ಟೆಯಿಂದ ಊರಿನ ಕೆಂಪು ಹೆಂಚುಗಳೆಲ್ಲ ಕಾಣುತ್ತವೆ, ಅದಕ್ಕೆ ಕಾಸಿಲ್ಲ.

ಅಲ್ಲಿಂದ ಹತ್ತು ಹದಿನೈದು ನಿಮಿಷ ನಡೆದರೆ ಕೋಟೆಯ ಬಾಗಿಲು. ಚೀಲ ತಪಾಸಣೆ ಇರುತ್ತದೆ. ಒಂಬತ್ತನೇ ಶತಮಾನದಿಂದ ಬೆಳೆಯುತ್ತಾ ಬಂದ ಇದರ ವಿಸ್ತಾರ ಸುಮಾರು 70,000 ಚದರ ಮೀಟರ್. ಅಂಗಳಗಳು ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ತೆರೆದಿರುತ್ತವೆ, ಅಲ್ಲಿ ಸುತ್ತಾಡಲು ಟಿಕೆಟ್ ಬೇಡ. ಕಟ್ಟಡಗಳ ಒಳಗೆ ಹೋಗಲು ಮಾತ್ರ ಟಿಕೆಟ್, ಅವು ಒಂಬತ್ತಕ್ಕೆ ತೆರೆಯುತ್ತವೆ. ತೆರೆಯುವ ಹೊತ್ತಿಗೇ ಹೋಗಿ ಸೀದಾ ಸಂತ ವೀಟಸ್ ಚರ್ಚಿಗೆ ನುಗ್ಗಿ. ಹತ್ತೂವರೆಗೆ ಅಲ್ಲಿ ಸಾಲು ಅಂಗಳ ಸುತ್ತುತ್ತದೆ. ಭಾನುವಾರ ಬೆಳಿಗ್ಗೆ ಪೂಜೆ ಇರುವುದರಿಂದ ಪ್ರವಾಸಿಗರಿಗೆ ಮಧ್ಯಾಹ್ನದ ನಂತರವೇ ಪ್ರವೇಶ, ಭಾನುವಾರ ಬಂದರೆ ದಿನ ಅದಲುಬದಲು ಮಾಡಿಕೊಳ್ಳಿ.

ಈ ಚರ್ಚ್ ಕಟ್ಟಲು ಶುರು ಮಾಡಿದ್ದು 1344ರಲ್ಲಿ, ಮುಗಿದದ್ದು 1929ರಲ್ಲಿ. ಒಳಗೆ ಹೋದಾಗ ಎಡಗಡೆ ಕಿಟಕಿಗಳಲ್ಲಿ ಒಂದು ಚೆಕ್ ಕಲಾವಿದ ಆಲ್ಫೋನ್ಸ್ ಮುಖಾ ರಚಿಸಿದ್ದು. ಉಳಿದವು ಗಾಜಿನ ತುಂಡು ಜೋಡಿಸಿದವು, ಇದು ಗಾಜಿನ ಮೇಲೆ ಬಣ್ಣ ಬಳಿದದ್ದು. ಬೆಳಗಿನ ಬಿಸಿಲಿನಲ್ಲಿ ವ್ಯತ್ಯಾಸ ಕಣ್ಣಿಗೇ ಗೊತ್ತಾಗುತ್ತದೆ. ಹಳೆಯ ಅರಮನೆಯ ವ್ಲಾಡಿಸ್ಲಾವ್ ಸಭಾಂಗಣದಲ್ಲಿ ಕುದುರೆ ಸವಾರರು ಸ್ಪರ್ಧೆ ನಡೆಸುತ್ತಿದ್ದರು, ಅವರು ಕುದುರೆ ಮೇಲೇ ಕೂತು ಹತ್ತಿ ಬರುತ್ತಿದ್ದ ಅಗಲದ ಮೆಟ್ಟಿಲು ಈಗಲೂ ಇದೆ. ಅಲ್ಲೇ ಪಕ್ಕದ ಕೋಣೆಯ ಕಿಟಕಿಯಿಂದ 1618ರಲ್ಲಿ ಹ್ಯಾಬ್ಸ್‌ಬರ್ಗ್ ಅಧಿಕಾರಿಗಳನ್ನು ಹೊರಗೆ ಎಸೆದರು. ಬಿದ್ದವರು ಬದುಕಿದರು, ಆದರೆ ಯುರೋಪಿನಲ್ಲಿ ಮೂವತ್ತು ವರ್ಷದ ಯುದ್ಧ ಅದರಿಂದ ಹೊತ್ತಿಕೊಂಡಿತು.

ಗೋಲ್ಡನ್ ಲೇನ್ ಅನ್ನುವ ಪುಟ್ಟ ಬಣ್ಣದ ಮನೆಗಳ ಗಲ್ಲಿ ಹಗಲಿನಲ್ಲಿ ಟಿಕೆಟ್ ಇದ್ದವರಿಗೆ ಮಾತ್ರ. ಕಟ್ಟಡಗಳು ಬೇಸಿಗೆಯಲ್ಲಿ ಐದಕ್ಕೆ, ಚಳಿಗಾಲದಲ್ಲಿ ನಾಲ್ಕಕ್ಕೆ ಮುಚ್ಚುತ್ತವೆ. ಆಮೇಲೆ ಈ ಗಲ್ಲಿಗೆ ಸುಮ್ನೆ ಹೋಗಿಬರಬಹುದು. ಅಂಗಡಿಗಳು ಮುಚ್ಚಿರುತ್ತವೆ, ಜನವೂ ಇರುವುದಿಲ್ಲ. 22ನೇ ನಂಬರಿನ ನೀಲಿ ಮನೆಯಲ್ಲಿ ಲೇಖಕ ಕಾಫ್ಕಾ 1916-17ರಲ್ಲಿ ಕೂತು ಬರೆಯುತ್ತಿದ್ದ. ಮನೆಯ ಅಗಲ ನೋಡಿದರೆ ಬರೆಯುವುದು ಬಿಟ್ಟು ಬೇರೇನೂ ಮಾಡಲು ಸಾಧ್ಯವಿರಲಿಲ್ಲ ಅನ್ನಿಸುತ್ತದೆ.

ಮಧ್ಯಾಹ್ನಕ್ಕೆ ನೆರುಡೋವಾ ಬೀದಿಯಲ್ಲಿ ಇಳಿಯಿರಿ. ಮನೆಗೆ ನಂಬರ್ ಇಲ್ಲದ ಕಾಲದಲ್ಲಿ ಬಾಗಿಲ ಮೇಲೆ ಚಿತ್ರ ಹಾಕುತ್ತಿದ್ದರು. ಮೂರು ಪಿಟೀಲು, ಕೆಂಪು ಕುರಿಮರಿ, ಎರಡು ಸೂರ್ಯ ಹೀಗೆ. ಮಕ್ಕಳಿದ್ದರೆ ಎಣಿಸಲು ಹೇಳಿ, ಇಳಿಜಾರು ಮುಗಿದದ್ದೇ ಗೊತ್ತಾಗುವುದಿಲ್ಲ. ಕೆಳಗೆ ವಾಲೆನ್‌ಸ್ಟೈನ್ ಉದ್ಯಾನವಿದೆ, ಪ್ರವೇಶ ಉಚಿತ, ನವಿಲುಗಳು ಅಡ್ಡಾಡುತ್ತಿರುತ್ತವೆ. ಚಳಿಗಾಲದಲ್ಲಿ ಮುಚ್ಚಿರುತ್ತದೆ. ಪೆಟ್ರ್ಶಿನ್ ಗುಡ್ಡದ ಗೋಪುರ ಕೂಡ ಈ ಕಡೆಗೇ. 1891ರಲ್ಲಿ ಐಫೆಲ್ ಗೋಪುರ ನೋಡಿ ಬಂದವರು ಕಟ್ಟಿದ್ದು, 299 ಮೆಟ್ಟಿಲು. ಗುಡ್ಡ ಹತ್ತುವ ಹಳಿಬಂಡಿಯನ್ನು 2024ರಲ್ಲಿ ರಿಪೇರಿಗೆಂದು ನಿಲ್ಲಿಸಿದ್ದರು, ಓಡುತ್ತಿದೆಯಾ ನೋಡಿಕೊಂಡು ಹೋಗಿ. ಇಲ್ಲದಿದ್ದರೆ ಬಿಟ್ಟರೂ ಪರವಾಗಿಲ್ಲ.

ಸಂಜೆಗೆ ಸಂಗೀತ. 1787ರಲ್ಲಿ ಮೊಝಾರ್ಟ್ ತನ್ನ ಡಾನ್ ಜೊವಾನ್ನಿ ಅನ್ನುವ ಸಂಗೀತ ನಾಟಕದ ಮೊದಲ ಪ್ರದರ್ಶನವನ್ನು ನಡೆಸಿಕೊಟ್ಟ ಎಸ್ಟೇಟ್ಸ್ ರಂಗಮಂದಿರ ಇಂದಿಗೂ ನಡೆಯುತ್ತಿದೆ. ಮೇಲಿನ ಗ್ಯಾಲರಿಯ ಟಿಕೆಟ್ ಅಗ್ಗ. ಬೀದಿಯಲ್ಲಿ ಹಳೆ ಕಾಲದ ವೇಷ ಹಾಕಿ ಟಿಕೆಟ್ ಮಾರುವವರಿಂದ ಕೊಳ್ಳುವ ಬದಲು ರಂಗಮಂದಿರದ ಕೌಂಟರ್‌ನಲ್ಲೋ ಅವರ ವೆಬ್‌ಸೈಟ್‌ನಲ್ಲೋ ಕೊಳ್ಳಿ.

ಹಂತ 6: ಮೂರನೇ ದಿನ ನಿಮ್ಮದು

ಇಲ್ಲಿಗೆ ಪಟ್ಟಿಯ ದೊಡ್ಡ ಹೆಸರುಗಳು ಮುಗಿದವು. ಮೂರನೇ ದಿನ ಒಂದನ್ನೇ ಆರಿಸಿ.

ಮೈಸೂರಿನವರಿಗೆ, ಇಲ್ಲವೇ ಮನೆಯಲ್ಲಿ ಅಪ್ಪನ ಹಳೆ ಜಾವಾ, ಯೆಜ್ಡಿ ಕಂಡವರಿಗೆ ನಾನು ಹೇಳುವುದು ಲೆಟ್ನಾದ ರಾಷ್ಟ್ರೀಯ ತಾಂತ್ರಿಕ ಮ್ಯೂಸಿಯಂ. ಜಾವಾ ಪ್ರಾಗ್‌ನ ಬೈಕು. ಫ್ರಾಂಟಿಶೆಕ್ ಯಾನೆಚೆಕ್ 1929ರಲ್ಲಿ ಶುರು ಮಾಡಿದ ಕಂಪನಿ. ಅದರ ತಂತ್ರಜ್ಞಾನದಲ್ಲೇ ಮೈಸೂರಿನ ಐಡಿಯಲ್ ಜಾವಾ 1960ರ ದಶಕದ ಆರಂಭದಿಂದ 1996ರವರೆಗೆ ಬೈಕು ಮಾಡಿತು. ಮ್ಯೂಸಿಯಂನ ಸಾರಿಗೆ ವಿಭಾಗ ದೊಡ್ಡ ಹಜಾರ. ಕೆಳಗೆ ಕಾರು, ರೈಲು ಎಂಜಿನ್, ಮೇಲಿಂದ ತೂಗಿಬಿಟ್ಟ ವಿಮಾನಗಳು, ಸುತ್ತಲಿನ ಮೊಗಸಾಲೆಗಳಲ್ಲಿ ಸೈಕಲ್ಲು, ಬೈಕು. ಸೋಮವಾರ ರಜೆ. ಹೊರಬಂದು ಲೆಟ್ನಾ ಪಾರ್ಕಿನ ಅಂಚಿಗೆ ನಡೆದರೆ ವ್ಲ್ಟಾವಾ ನದಿಯ ಸೇತುವೆಗಳೆಲ್ಲ ಒಂದರ ಹಿಂದೆ ಒಂದು ಸಾಲಾಗಿ ಕಾಣುತ್ತವೆ. ಪ್ರಾಗ್‌ನ ಆ ಪ್ರಸಿದ್ಧ ಫೋಟೊ ತೆಗೆಯುವುದು ಇಲ್ಲಿಂದಲೇ, ಸೂರ್ಯ ಇಳಿಯುವ ಹೊತ್ತಿಗೆ ಬನ್ನಿ. ಹತ್ತಿರದಲ್ಲಿ ದೊಡ್ಡ ಮೆಟ್ರೊನೋಮ್ (ಸಂಗೀತದ ತಾಳ ಎಣಿಸುವ ಯಂತ್ರ) ಇರುವ ಕಟ್ಟೆಯ ಮೇಲೆ 1955ರಿಂದ 1962ರವರೆಗೆ ಸ್ಟಾಲಿನ್ ವಿಗ್ರಹ ಇತ್ತು. ಕೊನೆಗೆ ಸಿಡಿಮದ್ದು ಇಟ್ಟು ಉಡಾಯಿಸಿದರು.

ಶಾಂತವಾಗಿ ಕೂರಬೇಕು ಅನ್ನುವವರಿಗೆ ವಿಶೆಹ್ರಾಡ್. ಮೆಟ್ರೊ ಕೆಂಪು ಲೈನ್‌ನಲ್ಲಿ ಅದೇ ಹೆಸರಿನ ನಿಲ್ದಾಣ. ನದಿಯ ಮೇಲಿನ ಹಳೆ ಕೋಟೆಗೋಡೆ, ಹುಲ್ಲು, ನಾಯಿ ಕರೆದುಕೊಂಡು ಬರುವ ಊರಿನವರು. ಸಂಗೀತಗಾರ ದ್ವೊರ್ಝಾಕ್, ಕಲಾವಿದ ಮುಖಾ ಮಲಗಿರುವ ಸ್ಮಶಾನ ಇಲ್ಲಿದೆ.

ಊರು ಬಿಟ್ಟು ಹೋಗುವ ಮನಸ್ಸಿದ್ದರೆ ಕುಟ್ನಾ ಹೊರಾ. ಮುಖ್ಯ ರೈಲು ನಿಲ್ದಾಣದಿಂದ ಸುಮಾರು ಒಂದು ಗಂಟೆ. ಬೆಳ್ಳಿ ಗಣಿಯಿಂದ ಮೆರೆದ ಊರು. ಸೆಡ್ಲೆಟ್ಸ್ ಚರ್ಚಿನೊಳಗೆ ಹತ್ತಾರು ಸಾವಿರ ಜನರ ಮೂಳೆಯಿಂದ ಮಾಡಿದ ಅಲಂಕಾರವಿದೆ, ತೂಗುದೀಪವೂ ಮೂಳೆಯದ್ದೇ. ಅನುಮತಿ ಇಲ್ಲದೆ ಫೋಟೊ ತೆಗೆಯುವಂತಿಲ್ಲ. ಪುಟ್ಟ ಮಕ್ಕಳಿದ್ದರೆ ಯೋಚಿಸಿ ಹೋಗಿ.

ಹಂತ 7: ಊಟದ ದಾರಿ

ಚೆಕ್ ಊಟ ಅಂದರೆ ಮಾಂಸ, ಗೊಜ್ಜು, ಮತ್ತು ಕ್ನೆಡ್ಲೀಕಿ ಅನ್ನುವ ಬೇಯಿಸಿದ ಹಿಟ್ಟಿನ ಬಿಲ್ಲೆಗಳು. ಮಾಂಸ ತಿನ್ನುವವರು ಸ್ವಿಚ್ಕೊವಾ ಕೇಳಿ. ಅದು ತರಕಾರಿ, ಕೆನೆಯ ಗೊಜ್ಜಿನಲ್ಲಿ ಬೇಯಿಸಿದ ದನದ ಮಾಂಸ. ದನದ ಮಾಂಸ ಬೇಡದವರು ಗೂಲಾಶ್‌ ಕೇಳುವಾಗಲೂ ವಿಚಾರಿಸಿ, ಸಾಮಾನ್ಯವಾಗಿ ಅದೂ ದನದ್ದೇ.

ಸಸ್ಯಾಹಾರಿಗಳು ಕಲಿಯಬೇಕಾದ ಎರಡು ಪದ, ಬೆಜ್ ಮಾಸಾ. ಮಾಂಸ ಇಲ್ಲದೆ ಎಂದು. ಸೂಪ್ ತರಕಾರಿಯದ್ದಾದರೂ ನೀರು ಮೂಳೆ ಬೇಯಿಸಿದ್ದಿರಬಹುದು. ಹೋಟೆಲ್‌ಗಳಲ್ಲಿ ಸುಲಭಕ್ಕೆ ಸಿಗುವುದು ಸ್ಮಾಜೆನಿ ಸೀರ್, ಬ್ರೆಡ್ ಪುಡಿಯಲ್ಲಿ ಹೊರಳಿಸಿ ಕರಿದ ಚೀಸ್ ತುಂಡು, ಜತೆಗೆ ಆಲೂಗಡ್ಡೆ. ಮೊಟ್ಟೆ ಹಚ್ಚಿಯೇ ಕರಿಯುತ್ತಾರೆ, ಮೊಟ್ಟೆ ತಿನ್ನದವರಿಗೆ ಆಗದು. ಹಣ್ಣು ತುಂಬಿದ ಸಿಹಿ ಕ್ನೆಡ್ಲೀಕಿ ಮೇಲೆ ಬೆಣ್ಣೆ, ಸಕ್ಕರೆ, ಗಟ್ಟಿ ಮೊಸರಿನಂಥ ತ್ವಾರೊಹ್ ಉದುರಿಸಿ ಕೊಡುತ್ತಾರೆ. ಅವರಿಗೆ ಅದು ಮಧ್ಯಾಹ್ನದ ಪೂರ್ತಿ ಊಟ. ನಮಗೆ ಸಿಹಿ ತಿಂದು ಎದ್ದ ಹಾಗಾಗುತ್ತದೆ, ಆದರೂ ಒಮ್ಮೆ ತಿನ್ನಿ. ಭಾರತೀಯ ಹೋಟೆಲ್‌ಗಳು ಊರಲ್ಲಿ ಬೇಕಾದಷ್ಟಿವೆ, ಹರೇ ಕೃಷ್ಣದವರ ಗೋವಿಂದ ಶುದ್ಧ ಸಸ್ಯಾಹಾರಿ.

ಊಟಕ್ಕೂ ಹೊತ್ತು ಇದೆ. ವಾರದ ದಿನಗಳಲ್ಲಿ ಬೆಳಿಗ್ಗೆ ಹನ್ನೊಂದರಿಂದ ಮಧ್ಯಾಹ್ನ ಎರಡರವರೆಗೆ ಹೋಟೆಲ್‌ಗಳು ಪೊಲೆಡ್ನಿ ಮೆನು ಅನ್ನುವ ಕಚೇರಿ ಜನರ ಅಗ್ಗದ ಊಟ ಕೊಡುತ್ತವೆ. ಚೌಕದಿಂದ ನಾಲ್ಕು ಬೀದಿ ಆಚೆ ಹೋಗಿ ಇದನ್ನು ಹುಡುಕಿ. ಮೇಜಿನ ಮೇಲೆ ಕೇಳದೆ ಇಟ್ಟ ಬ್ರೆಡ್ ಮುಟ್ಟಿದರೆ ಬಿಲ್ಲಿಗೆ ಬರಬಹುದು. ನೀರಿಗೂ ದುಡ್ಡು, ಆದರೆ ನಲ್ಲಿ ನೀರು ಚೆನ್ನಾಗಿದೆ, ಬಾಟಲಿ ತುಂಬಿಸಿಕೊಂಡು ಹೊರಡಿ. ಒಳಗೆ ಹೋಗುವಾಗ ಡೊಬ್ರಿ ಡೆನ್ ಎಂದು ನಮಸ್ಕಾರ ಹೇಳಿದರೆ ಬಡಿಸುವವರ ಮುಖ ಸ್ವಲ್ಪ ಸಡಿಲವಾಗುತ್ತದೆ. ಟಿಪ್ಸ್ ಹತ್ತು ಪರ್ಸೆಂಟ್ ಸಾಕು. ಬೀದಿಯಲ್ಲಿ ಕೋಲಿಗೆ ಸುತ್ತಿ ಸುಡುವ ಟ್ರ್ಡೆಲ್ನಿಕ್ ಅನ್ನು ಹಳೇ ಪ್ರಾಗ್‌ನ ಸಿಹಿ ಎಂದು ಮಾರುತ್ತಾರೆ. ಈಚಿನ ವರ್ಷಗಳಲ್ಲಿ ಪ್ರವಾಸಿಗರಿಗಾಗಿ ಹಬ್ಬಿದ್ದು ಅದು. ಬಿಸಿಯಾಗಿದ್ದರೆ ರುಚಿ ಇರುತ್ತದೆ, ತಿನ್ನಿ.

ಹಂತ 8: ಹೊರಡುವಾಗ

ಬೊಹೀಮಿಯಾದ ಗಾಜಿನ ಸಾಮಾನು ಕೊಂಡರೆ ಒಂದೇ ಅಂಗಡಿಯಲ್ಲಿ ಒಂದೇ ದಿನ 2000 ಕೊರುನಾ ದಾಟುವಂತೆ ಕೊಳ್ಳಿ, ತೆರಿಗೆ ವಾಪಸ್ ಕೇಳಬಹುದು. ಅಂಗಡಿಯಲ್ಲೇ ಅದರ ಫಾರಂ ಕೇಳಿ ಪಡೆಯಬೇಕು. ಏರ್‌ಪೋರ್ಟ್‌ನಲ್ಲಿ ಸಾಮಾನು ತೋರಿಸಿ ಕಸ್ಟಮ್ಸ್ ಮುದ್ರೆ ಹಾಕಿಸಿಕೊಂಡ ಮೇಲೆಯೇ ಸೂಟ್‌ಕೇಸ್ ಚೆಕ್‌ಇನ್‌ಗೆ ಕೊಡಿ. ಮೊದಲೇ ಕೊಟ್ಟುಬಿಟ್ಟರೆ ತೋರಿಸಲು ಏನೂ ಉಳಿಯುವುದಿಲ್ಲ. ಉಳಿದ ಕೊರುನಾ ನಾಣ್ಯಗಳನ್ನು ನಮ್ಮಲ್ಲಿ ಯಾರೂ ಬದಲಿಸಿಕೊಡುವುದಿಲ್ಲ, ಏರ್‌ಪೋರ್ಟ್‌ಗೆ ಹೊರಡುವ ಮುಂಚೆ ಬಡಾವಣೆಯ ಬೇಕರಿಯಲ್ಲೇ ಖರ್ಚು ಮಾಡಿ ಮುಗಿಸಿ.